ಮೊದಲು ಹೆಣ್ಣು ಕುದುರೆಯ ಮನೆತನ, ಆಮೇಲೆ ಗಂಡು

ಪ್ರಶ್ನೆ: ಬೆಂಗಳೂರಿನ ರೇಸ್‌ನಿಂದ ನಿವೃತ್ತಿಯಾದ 17 ವರ್ಷದ ಥರೋಬ್ರೆಡ್ (ರೇಸ್ ತಳಿಯ) ಹೆಣ್ಣು ಕುದುರೆ, ಬೇರೆ ಬೇರೆ ಗಂಡುಗಳಿಂದ ಅದಕ್ಕೆ ಹುಟ್ಟಿದ 11 ಮತ್ತು 6 ವರ್ಷದ ಎರಡು ಹೆಣ್ಣು ಕುದುರೆಗಳು ನಮ್ಮ ತೋಟದಲ್ಲಿವೆ. ತಾಯಿ ಈದು ಆರು ವರ್ಷವಾಯಿತು. ಮಕ್ಕಳೆರಡೂ ಇನ್ನೂ ಈದಿಲ್ಲ. ಜರ್ಮನಿಯಿಂದ ಅಲ್ಲಿನ ಸವಾರಿ ತಳಿಯಾದ ಹ್ಯಾನೋವೇರಿಯನ್ ಗಂಡಿನ ಘನೀಕೃತ ವೀರ್ಯ ತರಿಸಿ ಜಿಗಿತದ ಸ್ಪರ್ಧೆಗೆ ಮರಿ ಪಡೆಯುವ ಆಸೆಯಿದೆ. ಯಾವುದನ್ನು ಆರಿಸಬೇಕು? ಹುಟ್ಟುವ ಮರಿ ಹ್ಯಾನೋವೇರಿಯನ್ ಎನಿಸುವುದೇ?
– ಕಾಫಿ ಬೆಳೆಗಾರರು, ಅಮ್ಮತ್ತಿ

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ತಂದೆ ಹ್ಯಾನೋವೇರಿಯನ್ ಎಂದ ಮಾತ್ರಕ್ಕೆ ಮರಿಗೆ ಆ ಹೆಸರು ಸಿಗುವುದಿಲ್ಲ. ತಾಯಿಯೂ ಪರಿಶೀಲನೆಗೊಳಗಾಗಿ ವಂಶಾವಳಿ ಪುಸ್ತಕಕ್ಕೆ ಸೇರಿರಬೇಕು. ಆದ್ದರಿಂದ ವೀರ್ಯಕ್ಕೆ ಹಣ ಕೊಡುವ ಮುನ್ನವೇ ಜರ್ಮನಿಯ ವೆರ್ಡನ್‌ನಲ್ಲಿರುವ ತಳಿ ಸಂಘಕ್ಕೆ ಬರೆದು ಕೇಳಿ. ನಿಮ್ಮದು ಥರೋಬ್ರೆಡ್ ಎಂಬುದು ಕೊರತೆಯಲ್ಲ. 1735ರಲ್ಲಿ ಜರ್ಮನಿಯ ಸೆಲ್ಲೆ ಪಟ್ಟಣದಲ್ಲಿ ಸರ್ಕಾರಿ ಕುದುರೆ ಕೇಂದ್ರ ಆರಂಭವಾದ ಮೇಲೆ ಹ್ಯಾನೋವೇರಿಯನ್ ತಳಿಯನ್ನು ಹಗುರಗೊಳಿಸಲು ಥರೋಬ್ರೆಡ್ ರಕ್ತವನ್ನು ಮತ್ತೆ ಮತ್ತೆ ಬೆರೆಸಿದ್ದಾರೆ.

ಯಾವ ಕುದುರೆ ಎಂಬುದೇ ನಿಜವಾದ ಪ್ರಶ್ನೆ. ಕ್ಯಾಟಲಾಗಿನ ಗಂಡಿನ ಚಿತ್ರ ನೋಡಿ ಮನಸೋತು, ಲಾಯದಲ್ಲಿರುವ ಹೆಣ್ಣನ್ನು ಸರಿಯಾಗಿ ನೋಡದವರನ್ನು ನಾನು ಬಹಳ ಕಂಡಿದ್ದೇನೆ. ಜರ್ಮನಿಯ ಹೋಲ್ಸ್ಟೈನ್ ತಳಿಗಾರರು ಹೆಣ್ಣು ಕುದುರೆಗಳ ಮನೆತನಗಳಿಗೆ ಸಂಖ್ಯೆ ಕೊಟ್ಟು, ತಲೆಮಾರುಗಳವರೆಗೆ ಆ ಸಂಖ್ಯೆಯಿಂದಲೇ ಗುರುತಿಸುತ್ತಾರೆ. ಮರಿಯ ವಂಶವಾಹಿಯಲ್ಲಿ ಅರ್ಧ ತಾಯಿಯದು. ಅದರ ಮೇಲೆ ಹನ್ನೊಂದು ತಿಂಗಳ ಗರ್ಭವಾಸ, ಐದಾರು ತಿಂಗಳ ಹಾಲು ಮತ್ತು ಸಹವಾಸವೂ ಅವಳದೇ. ಮನುಷ್ಯರನ್ನು ಕಂಡು ಬೆದರುವ ತಾಯಿಯ ಮರಿ ಹಾಗೆ ಬೆದರುವುದನ್ನು ಪಕ್ಕದಲ್ಲಿ ನಿಂತೇ ಕಲಿಯುತ್ತದೆ.

ನಿಮ್ಮಲ್ಲಿ ಇಬ್ಬರು ತಂದೆಯರ ಮಕ್ಕಳಿರುವುದು ದೊಡ್ಡ ಅನುಕೂಲ. ಎರಡನ್ನೂ ಸವಾರರಿಲ್ಲದೆ ತಗ್ಗಾದ ಅಡ್ಡಗಂಬಗಳ ಮೇಲೆ ಹಾರಿಸಿ ನೋಡಿ. ಮುಂಗಾಲನ್ನು ಮಡಿಸುವ ರೀತಿ, ಗಂಬ ತಾಗಿದ ಮೇಲೆ ಮುಂದಿನ ಹಾರಿಕೆಯಲ್ಲಿ ತೋರುವ ಎಚ್ಚರ, ಹಾರಿದ ಬಳಿಕ ಶಾಂತವಾಗುವ ವೇಗ ಎರಡರಲ್ಲೂ ಒಂದೇ ಆಗಿದ್ದರೆ ಅದು ತಾಯಿಯಿಂದ ಬಂದಿರುವ ಸಾಧ್ಯತೆ ಹೆಚ್ಚು. ಒಂದರಲ್ಲಿ ಮಾತ್ರ ಕಂಡದ್ದು ತಂದೆಯ ಕೊಡುಗೆಯೂ ಆಗಿರಬಹುದು. ದೋಷಕ್ಕೂ ಇದೇ ಲೆಕ್ಕ: ಇಬ್ಬರಲ್ಲೂ ಗೊರಸು ಬಲಹೀನವಾಗಿದ್ದರೆ ಈ ಮನೆತನದಿಂದ ಮರಿ ಪಡೆಯುವ ಯೋಚನೆಯನ್ನೇ ಬಿಡಿ.

ಪರೀಕ್ಷೆಯಲ್ಲಿ ಗೆದ್ದರೆ ನಾನು 6 ವರ್ಷದ್ದನ್ನೇ ಆರಿಸುವೆ. ಘನೀಕೃತ ವೀರ್ಯ ಗರ್ಭಕೋಶದಲ್ಲಿ ಹೆಚ್ಚು ಹೊತ್ತು ಬದುಕುವುದಿಲ್ಲ; ಸ್ಕ್ಯಾನ್ ಮಾಡುತ್ತಾ ಕಾದು, ಅಂಡ ಬಿಡುಗಡೆಯಾದ ಸುಮಾರು 6 ಗಂಟೆಯೊಳಗೆ ಹಾಕಬೇಕು. ವಯಸ್ಸಾದ, ವರ್ಷಗಳಿಂದ ಈಯದ ಗರ್ಭಕೋಶದಲ್ಲಿ ದ್ರವ ತುಂಬಿಕೊಂಡು ಗಬ್ಬ ನಿಲ್ಲದಿರುವುದು ಸಾಮಾನ್ಯ. 11 ವರ್ಷಕ್ಕೆ ಮೊದಲ ಬಾರಿ ಗಬ್ಬ ಕಟ್ಟುವುದೂ ಸುಲಭವಲ್ಲ. ಅಮ್ಮತ್ತಿಯಲ್ಲಿ ರಾತ್ರಿಯೆಲ್ಲ ಸ್ಕ್ಯಾನ್ ಮಾಡುವ ವೈದ್ಯರು ಸಿಗದಿದ್ದರೆ, ಬೆದೆಗೆ ಮೊದಲೇ ಕುದುರೆಯನ್ನು ಸೌಲಭ್ಯವಿರುವ ಕೇಂದ್ರಕ್ಕೆ ಸಾಗಿಸಿ. ವಾರ್ಮ್‌ಬ್ಲಡ್ (ಹ್ಯಾನೋವೇರಿಯನ್‌ನಂಥ ಯುರೋಪಿನ ಸವಾರಿ ತಳಿಗಳ) ಮರಿಗಳ ಚರ್ಮ ಹರಿಯುವ ಮಾರಕ ವಂಶವಾಹಿ ರೋಗದ ಪರೀಕ್ಷೆಯನ್ನು ಹೆಣ್ಣಿಗೂ ಮಾಡಿಸಿ. ತಂದೆತಾಯಿ ಇಬ್ಬರೂ ವಾಹಕರಾದರೆ ಪ್ರತಿ ಗರ್ಭಕ್ಕೂ ನಾಲ್ಕರಲ್ಲಿ ಒಂದು ಪಾಲು ಅಪಾಯ.

ಗರ್ಭಾವಧಿ ಸುಮಾರು 340 ದಿನ. ಜನವರಿ–ಫೆಬ್ರವರಿಯಲ್ಲಿ ಕಟ್ಟಿಸಿದರೆ ಡಿಸೆಂಬರ್–ಜನವರಿಯಲ್ಲಿ ಈದು, ಜೂನ್ ಮಳೆಗೆ ಮುನ್ನ ಮರಿಗೆ ಒಣನೆಲದಲ್ಲಿ ಓಡಾಡಲು ನಾಲ್ಕೈದು ತಿಂಗಳು ಸಿಗುತ್ತದೆ. ಮೇವಿನ ಬಗ್ಗೆ ಒಂದು ಮಾತು ತಪ್ಪದೆ ಹೇಳಬೇಕು: ಹಸುವಿಗೆ ಬೆಳೆದ ನೇಪಿಯರ್ ಹುಲ್ಲಿನಲ್ಲಿರುವ ಆಕ್ಸಲೇಟ್ ಎಂಬ ಅಂಶವು ಸುಣ್ಣದಂಶವನ್ನು ಮೈಗೆ ಸೇರದಂತೆ ಹಿಡಿದಿಡುತ್ತದೆ, ಬೂಸಾದಲ್ಲಿ ರಂಜಕ ಅಧಿಕ; ಎರಡನ್ನೇ ನಂಬಿದರೆ ಗಬ್ಬದ ಕುದುರೆಯ ಮೂಳೆಯೂ ಮರಿಯ ಮೂಳೆಯೂ ಸೊರಗುತ್ತವೆ. ಒಣಗಿಸಿದ ಕುದುರೆಮಸಾಲೆ ಸೊಪ್ಪು (ಲೂಸರ್ನ್ ಮೇವು) ಮತ್ತು ವೈದ್ಯರು ಹೇಳಿದ ಪ್ರಮಾಣದ ಖನಿಜ ಮಿಶ್ರಣವನ್ನು ಗಬ್ಬ ಕಟ್ಟುವ ಮೊದಲೇ ಆರಂಭಿಸಿ.