777 ಕೇಳಿದೆ, 755 ಸಿಕ್ಕಿತು

ಪ್ರಶ್ನೆ: ಮೇಡಂ, ನಮ್ಮದು ಮದುವೆ ಫೋಟೋ ಸ್ಟುಡಿಯೋ. ಲಿನಕ್ಸ್ ಹಾಕಿದ ಒಂದು ಕಂಪ್ಯೂಟರಿದೆ. ಅದರಲ್ಲಿ ನನಗೊಂದು ಲಾಗಿನ್, ಆಲ್ಬಂ ಮಾಡುವ ಹುಡುಗನಿಗೊಂದು. ವರ್ಷ, ಅದರೊಳಗೆ ತಿಂಗಳು, ಅದರೊಳಗೆ ಪಾರ್ಟಿ ಹೆಸರು ಅಂತ ಫೋಲ್ಡರ್ ಮಾಡಲು ಪೈಥಾನ್ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಫೋಲ್ಡರ್ ಹುಟ್ಟಿಸುವ ಮೇಕ್‌ಡಿರ್ಸ್‌ಗೆ ಪರ್ಮಿಷನ್ 0ಓ777 ಅಂತಲೇ ಕೊಟ್ಟಿದ್ದೇನೆ. ಆದರೂ ಫೋಲ್ಡರ್ 755 ಆಗುತ್ತದೆ. ಹುಡುಗ ಫೋಟೋ ನೋಡಬಲ್ಲ, ಸೇವ್ ಮಾಡಲು ಹೋದರೆ ಪರ್ಮಿಷನ್ ಇಲ್ಲ ಅನ್ನುತ್ತದೆ. ಏನು ತಪ್ಪು?
– ಓದುಗರು, ದಾವಣಗೆರೆ

ಉತ್ತರ: ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಅದೇ ಕಥೆ. ಇಲ್ಲಿ ಪೂಜಾರಿಯ ಹೆಸರು ಯುಮಾಸ್ಕ್, ಹೊಸ ಫೈಲು, ಫೋಲ್ಡರುಗಳಿಗೆ ಯಾವ ಪರ್ಮಿಷನ್ ಕೊಡಬಾರದು ಅಂತ ಹೇಳುವ ಸೆಟ್ಟಿಂಗ್. ಟರ್ಮಿನಲ್‌ನಲ್ಲಿ ಆ ಪದವನ್ನೇ ಟೈಪ್ ಮಾಡಿ, 0022 ಅಂತ ಬಂದೀತು. ನೋಡಲು 4, ಬರೆಯಲು 2, ಒಳಗೆ ಹೋಗಲು 1. ಕೊನೆಯ ಮೂರು ಅಂಕಿಗಳಲ್ಲಿ ಮೊದಲನೆಯದು ಮಾಲೀಕನಿಗೆ, ಎರಡನೆಯದು ಗ್ರೂಪ್‌ಗೆ, ಮೂರನೆಯದು ಮಿಕ್ಕವರಿಗೆ. ನೀವು ಎಲ್ಲರಿಗೂ 7 ಕೇಳಿದಿರಿ. ಯುಮಾಸ್ಕ್ ಗ್ರೂಪ್‌ನಿಂದಲೂ ಮಿಕ್ಕವರಿಂದಲೂ ಬರೆಯುವ 2 ಕಿತ್ತುಕೊಂಡಿತು. ಉಳಿದದ್ದು 755.

ಇದನ್ನು ಕಳೆಯುವ ಲೆಕ್ಕ ಅಂದುಕೊಳ್ಳಬೇಡಿ. ಫೈಲಿಗೆ 666 ಕೇಳಿ, ಯುಮಾಸ್ಕ್ 033 ಇದ್ದರೆ ಸಿಗುವುದು 633 ಅಲ್ಲ, 644. ಇಲ್ಲದ 1 ಅನ್ನು ಕಿತ್ತುಕೊಳ್ಳಲು ಆಗುವುದಿಲ್ಲ, ಅಲ್ವಾ?

ಇನ್ನೊಂದು ಗೊಂದಲ ಮೇಕ್‌ಡಿರ್ಸ್‌ದೇ. ಪೈಥಾನ್ 3.7ರಿಂದ ನೀವು ಕೊಡುವ ಸಂಖ್ಯೆ ಕೊನೆಯ ಫೋಲ್ಡರಿಗೆ ಮಾತ್ರ. ದಾರಿಯಲ್ಲಿ ಹುಟ್ಟುವ ವರ್ಷ, ತಿಂಗಳ ಫೋಲ್ಡರುಗಳು ಅದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಫೋಲ್ಡರ್ ಮೊದಲೇ ಇದ್ದರೂ ಅಷ್ಟೇ, ಅದರ ಪರ್ಮಿಷನ್ ಇದ್ದ ಹಾಗೇ ಇರುತ್ತದೆ.

ಹಾಗಂತ 777 ಸಿಗುವವರೆಗೂ ಗುದ್ದಾಡಬೇಡಿ. ಒಂದು ಫೋಟೋ ಅಳಿಸುವ ಹಕ್ಕು ಫೋಟೋದ ಮೇಲಿಲ್ಲ, ಅದು ಕೂತಿರುವ ಫೋಲ್ಡರಿಗೆ ಬರೆಯುವ ಹಕ್ಕಿನ ಮೇಲಿದೆ. 777 ಅಂದರೆ ಆ ಯಂತ್ರಕ್ಕೆ ಲಾಗಿನ್ ಇರುವ ಯಾರು ಬೇಕಾದರೂ ಮುಹೂರ್ತದ ಫೋಟೋ ಅಳಿಸಬಹುದು. ಮುಹೂರ್ತವನ್ನು ಮತ್ತೆ ಮಾಡಿಸಲು ಆಗುತ್ತದೆಯೇ?

ನಿಮಗೆ ಬೇಕಾಗಿರುವುದು ಗ್ರೂಪ್. ಸ್ಟುಡಿಯೋ ಅಂತ ಒಂದು ಮಾಡಿ ಇಬ್ಬರನ್ನೂ ಸೇರಿಸಿ. ಎಲ್ಲಕ್ಕಿಂತ ಮೇಲಿನ ಫೋಲ್ಡರನ್ನು ಆ ಗ್ರೂಪ್‌ಗೆ ಕೊಟ್ಟು, ಪರ್ಮಿಷನ್ ಬದಲಿಸುವ ಚ್‌ಮೋಡ್‌ನಿಂದ 2775 ಮಾಡಿ. ಮುಂದಿನ ಆ 2 ಇದ್ದರೆ, ಒಳಗೆ ಹೊಸದಾಗಿ ಹುಟ್ಟುವ ಫೋಲ್ಡರು, ಫೈಲುಗಳಿಗೆ ಗ್ರೂಪ್ ತಾನಾಗಿಯೇ ಇಳಿದು ಬರುತ್ತದೆ. ಆಮೇಲೆ ಸ್ಕ್ರಿಪ್ಟಿನ ಮೊದಲಲ್ಲೇ ಓಎಸ್.ಯುಮಾಸ್ಕ್(0ಓ002) ಅಂತ ಒಂದು ಸಾಲು ಸೇರಿಸಿ, ಮೇಕ್‌ಡಿರ್ಸ್‌ನಿಂದ 777 ತೆಗೆದುಬಿಡಿ. ನಡುವಿನವು, ಕೊನೆಯದು ಎಲ್ಲವೂ ಗ್ರೂಪ್ ಬರೆಯುವಂತೆ ಹುಟ್ಟುತ್ತವೆ. ಹುಡುಗನ ಲಾಗಿನ್‌ಗೂ ಯುಮಾಸ್ಕ್ 002 ಮಾಡಿ. ಇಲ್ಲದಿದ್ದರೆ ಅವನು ಸೇವ್ ಮಾಡಿದ ಆಲ್ಬಂ ನಿಮಗೆ ತಿದ್ದಲು ಬರುವುದಿಲ್ಲ, ಜಗಳ ಉಲ್ಟಾ ಆಗುತ್ತದೆ. ಹಳೆಯ ಫೋಲ್ಡರುಗಳನ್ನು ಮಾತ್ರ ಒಂದು ಸಲ ಕೈಯಾರೆ ಸರಿಮಾಡಬೇಕು. ಅದಕ್ಕೆ ಪೈಥಾನ್‌ನ ಚ್‌ಮೋಡ್ ಬಳಸಿದರೆ 0ಓ2775 ಅಂತಲೇ ಬರೆಯಿರಿ. ಬರೀ 0ಓ775 ಬರೆದರೆ ಮುಂದಿನ 2 ಅಳಿಸಿಹೋಗುತ್ತದೆ.

ಸಂಖ್ಯೆ ಎಂಟರ ಲೆಕ್ಕದ್ದು ಅಂತ ಪೈಥಾನ್‌ಗೆ ಹೇಳುವ 0ಓ ನೀವು ಮರೆತಿಲ್ಲ, ಸಂತೋಷ. ನಾನು ಮರೆತಿದ್ದೆ. ಒಂದು ಪ್ರೆಸ್‌ನಲ್ಲಿ ಕೆಲಸಕ್ಕಿದ್ದಾಗ ಸುಮ್ನೆ 755 ಅಂತ ಬರೆದು ಮನೆಗೆ ಹೋದೆ. ಪೈಥಾನ್ ಅದನ್ನು ಮಾಮೂಲಿ ಏಳುನೂರ ಐವತ್ತೈದು ಅಂತ ಓದಿತು. ಎಂಟರ ಲೆಕ್ಕದಲ್ಲಿ ಅದು 1363. ಯುಮಾಸ್ಕ್ ತನ್ನ ಪಾಲು ಕಿತ್ತ ಮೇಲೆ 1341. ಮುಂದಿನ 1 ಬಿಟ್ಟು ನೋಡಿದರೆ ಮಾಲೀಕಳಾದ ನನಗೇ 3, ಅಂದರೆ ಬರೆಯಬಹುದು, ಒಳಗೆ ಹೋಗಬಹುದು, ನೋಡುವಂತಿಲ್ಲ. ದೇವಸ್ಥಾನದ ಹುಂಡಿಯೇ! ರಾತ್ರಿಯಿಡೀ ಪುಟಗಳು ಅದರೊಳಗೆ ಬೀಳುತ್ತಲೇ ಇದ್ದವು. ಬೆಳಗ್ಗೆ ಏನೇನು ಬಿದ್ದಿದೆ ಅಂತ ಪಟ್ಟಿ ಕೇಳಿದರೆ ಪರ್ಮಿಷನ್ ಇಲ್ಲ ಅಂದಿತು. ಫೈಲೇ ಹೋಯಿತು ಅಂದುಕೊಂಡು ಒಂದು ಗಂಟೆ ಬೆವರಿದೆ. ಚ್‌ಮೋಡ್ ಒಂದು ಸಾಲಿಗೆ ಸರಿಹೋಯಿತು.

ಎಲ್ಲ ಮಾಡಿಯೂ ಹುಡುಗನಿಗೆ ಸೇವ್ ಆಗದಿದ್ದರೆ ಅವನು ಒಮ್ಮೆ ಲಾಗ್ಔಟ್ ಆಗಿ ಮತ್ತೆ ಬರಲಿ. ಹೊಸ ಗ್ರೂಪ್ ಅಲ್ಲಿಯವರೆಗೂ ಅವನಿಗೆ ಅಂಟುವುದಿಲ್ಲ.