ದಾಳದಲ್ಲಿ ಸುಳ್ಳು ಹೇಳುವ ಗೆಳೆಯನನ್ನು ಎಲ್ಲರ ಮುಂದೆ ಕೇಳಬಹುದೇ?

‘ಡಂಜನ್ಸ್ ಅಂಡ್ ಡ್ರಾಗನ್ಸ್’ (ಒಬ್ಬ ಆಟ ನಡೆಸುತ್ತಾ, ಉಳಿದವರು ತಲಾ ಒಂದು ಪಾತ್ರವಾಗಿ ದಾಳ ಹಾಕಿ ಕಥೆ ಕಟ್ಟುವ ಆಟ) ಆಡುವಾಗ ನಿಮ್ಮ ಗೆಳೆಯ ದಾಳ ಉರುಳಿಸಿ, ಯಾರಿಗೂ ಕಾಣುವ ಮೊದಲೇ ಎತ್ತಿಕೊಂಡು ಸಂಖ್ಯೆ ಹೇಳುತ್ತಾನೆ, ಎಲ್ಲರ ಮುಂದೆಯೇ ಕೇಳಿಬಿಡಲೇ ಎಂದಿದ್ದೀರಿ. ದಯವಿಟ್ಟು ಕೇಳಬೇಡಿ. ನಾನು ಹಾಗೆ ಕೇಳಿ ಒಬ್ಬ ಒಳ್ಳೆಯ ಆಟಗಾರನನ್ನು ಕಳೆದುಕೊಂಡಿದ್ದೇನೆ.

ಇಪ್ಪತ್ತು ಮುಖದ ದಾಳದಲ್ಲಿ ಸತತ ಆರು ಸಲ 15 ಅಥವಾ ಅದಕ್ಕೂ ಹೆಚ್ಚು ಬೀಳುವ ಸಾಧ್ಯತೆ ಸಾವಿರಕ್ಕೊಂದಕ್ಕಿಂತ ಕಡಿಮೆ. ಹಾಗೆಂದು ಬರೀ ಲೆಕ್ಕ ಹಿಡಿದು ಯಾರನ್ನೂ ಕಳ್ಳನೆನ್ನಬಾರದು. ಅವನು ಯಾವಾಗ ಸುಳ್ಳು ಹೇಳುತ್ತಾನೆ ಎಂಬುದನ್ನು ಗಮನಿಸಿ.

ನಾನು ಆ ಆಟಗಾರನನ್ನು ಕಳೆದುಕೊಂಡ ದಿನ ಆಟ ನಡೆಸುತ್ತಿದ್ದವನು ನಾನೇ. ಈ ಆಟದ ಐದನೇ ಆವೃತ್ತಿಯಲ್ಲಿ ಪಾತ್ರದ ಹಿಟ್ ಪಾಯಿಂಟ್ (ಪ್ರಾಣಶಕ್ತಿಯ ಅಂಕ) ಸೊನ್ನೆಗಿಳಿದರೆ ಪ್ರತಿ ಸರದಿಯಲ್ಲೂ ದಾಳ ಉರುಳಿಸಬೇಕು. 10ಕ್ಕಿಂತ ಕಡಿಮೆ ಬಿದ್ದರೆ ಸೋಲು, ಮೂರು ಸೋಲಾದರೆ ಸಾವು. ಆ ಆಟಗಾರನ ಪಾತ್ರಕ್ಕೆ ಆಗಲೇ ಎರಡು ಸೋಲಾಗಿತ್ತು. ದಾಳ ಉರುಳುತ್ತಾ ನನ್ನ ಕಡೆಗೇ ಬಂದು ನಿಂತಿತು. ಬಿದ್ದದ್ದು ಮೂರು. ಅವನು ಥಟ್ಟನೆ ಎತ್ತಿಕೊಂಡು ‘ಹದಿಮೂರು’ ಎಂದ. ನಾನು ಗಟ್ಟಿಯಾಗಿ ‘ಅದು ಮೂರು’ ಎಂದೆ. ಅಳಿಸಿ ಬರೆದು ಸವೆದಿದ್ದ ಪಾತ್ರದ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ. ಮುಂದಿನ ವಾರದಿಂದ ಬರಲೇ ಇಲ್ಲ.

ಒಂದೂವರೆ ವರ್ಷ ಆಡಿದ ಪಾತ್ರ ಸಾಯುವುದನ್ನು ನೋಡಲಾಗಲಿಲ್ಲ ಎಂದು ತಿಂಗಳುಗಳ ನಂತರ ಫೋನಿನಲ್ಲಿ ಹೇಳಿದ. ನನಗೆ ಇಂದಿಗೂ ನೋಯುವುದು ಇದೇ: ಗುಂಪಿನ ಕ್ಲೆರಿಕ್ (ದೈವಶಕ್ತಿಯಿಂದ ಮಂತ್ರ ಹಾಕುವ ಪಾತ್ರ) ಬಳಿ 300 ಚಿನ್ನದ ನಾಣ್ಯ ಬೆಲೆಯ ವಜ್ರವಿತ್ತು. ಸತ್ತ ಒಂದು ನಿಮಿಷದೊಳಗೆ ಆ ವಜ್ರ ಬಳಸಿ ‘ರಿವಿವಿಫೈ’ ಮಂತ್ರ ಹಾಕಿದ್ದರೆ ಪಾತ್ರ ಎದ್ದು ಕೂರುತ್ತಿತ್ತು. ಅದನ್ನು ಅವನಿಗೆ ಮೊದಲೇ ತಿಳಿಸುವುದು ನನ್ನ ಕೆಲಸವಾಗಿತ್ತು.

ಆದ್ದರಿಂದ ಅವನೊಬ್ಬನನ್ನೇ ಚಹಾಕ್ಕೆ ಕರೆದು ಮಾತನಾಡಿ. ನಿಯಮವನ್ನು ಮಾತ್ರ ಎಲ್ಲರಿಗೂ ಒಂದೇ ಮಾಡಿ. ಚೌಕಾಬಾರದಲ್ಲಿ ಕವಡೆ ಎಲ್ಲರ ನಡುವೆ ಬೀಳುತ್ತದೆ, ಎಣಿಸುವ ತನಕ ಯಾರೂ ಕೈ ಹಾಕುವುದಿಲ್ಲವಲ್ಲ, ಹಾಗೆ. ನಾವೀಗ ಮೇಜಿನ ನಡುವೆ ಒಂದು ತಟ್ಟೆ ಇಟ್ಟಿದ್ದೇವೆ. ಆಟ ನಡೆಸುವವನು ಮುಂದಿಟ್ಟುಕೊಳ್ಳುವ ಪರದೆಯ ಹಿಂದೆ ದಾಳ ಹಾಕುವುದನ್ನು ನಾನೂ ಬಿಟ್ಟಿದ್ದೇನೆ.

ನಾನು ಕರುಣೆ ತೋರದಿರುವುದು ಇನ್ನೊಂದು ಬಗೆಯವರಿಗೆ. ಆಟದಲ್ಲಿ ಜೊತೆಗಾರರ ಪಾತ್ರಗಳು ಮಲಗಿದಾಗ ಅವುಗಳ ಚೀಲ ಕದ್ದು ‘ನನ್ನ ಪಾತ್ರದ ಸ್ವಭಾವವೇ ಹಾಗೆ’ ಎನ್ನುವವರು. ಆ ಸ್ವಭಾವವನ್ನು ಬರೆದವರು ಯಾರು? ದಾಳದ ಸುಳ್ಳುಗಾರ ತನ್ನದನ್ನು ಉಳಿಸಿಕೊಳ್ಳಲು ಒದ್ದಾಡುತ್ತಾನೆ, ಇವರು ಪಕ್ಕದವನ ಸಂಜೆಯನ್ನೇ ಹಾಳು ಮಾಡುತ್ತಾರೆ. ನಮ್ಮಲ್ಲಿ ಜೊತೆಗಾರನ ಪಾತ್ರದ ಮೇಲೆ ಕೈ ಮಾಡುವ ಮೊದಲು ಆ ಆಟಗಾರನನ್ನೇ ಕೇಳಬೇಕು. ಅವನು ಬೇಡವೆಂದರೆ ಅಲ್ಲಿಗೆ ಮುಗಿಯಿತು.

ನಿಮ್ಮ ಗೆಳೆಯ ಸುಳ್ಳು ಹೇಳುವುದು ಪಾತ್ರ ಸಾಯುವ ಹೊತ್ತಿನಲ್ಲಿ ಮಾತ್ರವಾದರೆ, ಈ ವಾರವೇ ಅವನಿಗೆ ಆ ವಜ್ರದ ವಿಷಯ ಹೇಳಿ.