ಬಡಿಸುವ ಮೊದಲು ವಿಂಗಡಿಸಬೇಕು

ಹೊರದೇಶಕ್ಕೆ ಬಂದು ಮೂರು ತಿಂಗಳಾಗಿದೆ, ಶನಿವಾರಗಳು ಖಾಲಿ ಹೋಗುತ್ತಿವೆ, ಹಸಿದವರಿಗೆ ಊಟ ಬಡಿಸುವ ಸೇವೆಗೆ ನನ್ನಂಥ ಹೊಸಬರನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು ಕೇಳಿದ್ದೀರಿ. ಸೇರಿಸಿಕೊಳ್ಳುತ್ತಾರೆ, ಆದರೆ ನಿಮ್ಮ ಪಾಲಿಗೆ ಮೊದಲು ಬರುವುದು ಬಹುಶಃ ಬಡಿಸುವ ಕೆಲಸವಲ್ಲ. ಒಂಬತ್ತು ವರ್ಷಗಳಿಂದ ಒಂದೇ ಫುಡ್ ಬ್ಯಾಂಕಿನಲ್ಲಿ ಆಹಾರ ತುಂಬಿದ ತಗಡಿನ ಡಬ್ಬಿ ವಿಂಗಡಿಸುತ್ತಿರುವ ನಾನು ಇದನ್ನು ಬೇಸರದಿಂದ ಹೇಳುತ್ತಿಲ್ಲ.

ಫುಡ್ ಬ್ಯಾಂಕ್ ಅಡುಗೆಮನೆಯಲ್ಲ, ಉಗ್ರಾಣ. 1967ರಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗಲ್ ಎಂಬವರು ಮೊದಲ ಫುಡ್ ಬ್ಯಾಂಕನ್ನು ಆರಂಭಿಸಿದಾಗ, ತಿನ್ನಲು ಯೋಗ್ಯವಾಗಿದ್ದರೂ ಅಂಗಡಿಗಳಿಂದ ಕಸಕ್ಕೆ ಹೋಗುತ್ತಿದ್ದ ಆಹಾರವನ್ನು ಕೂಡಿಟ್ಟು ಬೇಕಾದವರಿಗೆ ತಲುಪಿಸುವುದೇ ಅವರ ಉದ್ದೇಶವಾಗಿತ್ತು. ಇಂದಿಗೂ ಕೆಲಸದ ಬಹುಪಾಲು ಆ ಕೂಡಿಡುವುದರಲ್ಲೇ ಇದೆ. ಡಬ್ಬಿಯ ಮೈ ಸ್ವಲ್ಪ ನೆಗ್ಗಿದ್ದರೆ ಇಟ್ಟುಕೊಳ್ಳಬಹುದು. ಅಂಚಿನ ಬೆಸುಗೆಯ ಮೇಲೆ ನೆಗ್ಗಿದ್ದರೆ ಅಥವಾ ಮುಚ್ಚಳ ಉಬ್ಬಿದ್ದರೆ ಎಷ್ಟೇ ಮನಸ್ಸಿಲ್ಲದಿದ್ದರೂ ಎಸೆಯಲೇಬೇಕು, ಏಕೆಂದರೆ ಬೊಟುಲಿಸಂ ಎಂಬ ಮಾರಣಾಂತಿಕ ಕಾಯಿಲೆ ತರುವ ವಿಷ ಕಣ್ಣಿಗಾಗಲಿ ಮೂಗಿಗಾಗಲಿ ಗೊತ್ತಾಗುವುದಿಲ್ಲ. ಎಳೆದು ತೆರೆಯುವ ಉಂಗುರವಿರುವ ಡಬ್ಬಿಗಳನ್ನು ನಾವು ಪ್ರತ್ಯೇಕವಾಗಿ ಇಡುತ್ತೇವೆ. ಬೀದಿಯಲ್ಲೋ ಕಾರಿನಲ್ಲೋ ರಾತ್ರಿ ಕಳೆಯುವವರ ಬಳಿ ಒಲೆಯಿರಲಿ, ಡಬ್ಬಿ ಕೊರೆಯುವ ಸಾಧನವೂ ಇರುವುದಿಲ್ಲ. ಈ ಸಣ್ಣ ವಿಷಯ ನನಗೆ ಹೊಳೆಯಲು ಒಂದು ವರ್ಷ ಬೇಕಾಯಿತು.

ಮನೆಯಲ್ಲಿ ಅಡುಗೆ ಮಾಡಿ ಒಯ್ಯುವ ಆಸೆ ನಿಮಗಿರಬಹುದು. ಒಳಗೆ ಏನೇನಿದೆ, ಯಾರಿಗೆ ಯಾವುದು ಒಗ್ಗುವುದಿಲ್ಲ, ಎಷ್ಟು ಹೊತ್ತು ಹೊರಗಿತ್ತು ಎಂಬುದು ತಿಳಿಯದ ಕಾರಣ ಸಾಮಾನ್ಯವಾಗಿ ಅದನ್ನು ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಮಾಡುವ ಖರ್ಚನ್ನು ಹಣವಾಗಿಯೇ ಕೊಟ್ಟರೆ ಫುಡ್ ಬ್ಯಾಂಕಿನವರು ಸಗಟು ದರದಲ್ಲಿ ಹೆಚ್ಚು ಸಾಮಾನು ಕೊಳ್ಳಬಲ್ಲರು.

ವೀಸಾದ ಷರತ್ತನ್ನು ಮಾತ್ರ ಮೊದಲೇ ಓದಿಕೊಳ್ಳಿ. ಸಂಬಳವಿಲ್ಲದಿದ್ದರೆ ಅದು ಉದ್ಯೋಗವೇ ಅಲ್ಲ ಎಂದುಕೊಳ್ಳುವುದು ತಪ್ಪು. ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ನೀವು ಪುಕ್ಕಟೆ ಮಾಡಿದರೆ ಕೆಲವು ದೇಶಗಳಲ್ಲಿ ಅದನ್ನು ಉದ್ಯೋಗವೆಂದೇ ಪರಿಗಣಿಸುತ್ತಾರೆ.

ಮುಂದೆ ವಿತರಣೆಯ ಮೇಜಿಗೆ ಬಂದಾಗ ಎಚ್ಚರ ಬೇಕಾದದ್ದು ನಾಲಿಗೆಯ ಬಗ್ಗೆ. ನಾನು ಅಲ್ಲಿ ನಿಂತ ಮೊದಲ ತಿಂಗಳಲ್ಲೇ ನಮ್ಮ ಕಟ್ಟಡದಲ್ಲಿದ್ದ ಮಹಿಳೆಯೊಬ್ಬರು ಸರತಿಯಲ್ಲಿ ಕಂಡರು. ಪರಿಚಯದ ಸಲುಗೆಯಿಂದ ಹೆಸರು ಹಿಡಿದು ಮಾತನಾಡಿಸಿದೆ. ಅವರು ಕೈಯಲ್ಲಿದ್ದ ಚೀಟಿಯನ್ನು ಮಡಿಸಿ ಚೀಲದೊಳಗಿಟ್ಟು, ಏನೂ ತೆಗೆದುಕೊಳ್ಳದೆ ಹೊರಟುಹೋದರು. ಅಂದಿನಿಂದ ಪರಿಚಿತರು ತಾವಾಗಿ ಮಾತನಾಡಿಸುವವರೆಗೆ ನಾನು ಸುಮ್ಮನಿರುತ್ತೇನೆ. ಏಕೆ ಬಂದಿರಿ ಎಂದು ಯಾರನ್ನೂ ಕೇಳುವುದಿಲ್ಲ; ಎರಡರಲ್ಲಿ ಯಾವುದು ಬೇಕು ಎಂದಷ್ಟೇ ಕೇಳುತ್ತೇನೆ, ಏಕೆಂದರೆ ಆರಿಸಿಕೊಳ್ಳುವ ಅವಕಾಶ ಅವರಿಗೆ ಬೇರೆಲ್ಲೂ ಅಷ್ಟಾಗಿ ಸಿಗುತ್ತಿರುವುದಿಲ್ಲ.

ಹಬ್ಬದ ತಿಂಗಳಲ್ಲಿ ನಮ್ಮಲ್ಲಿ ಸ್ವಯಂಸೇವಕರು ಒಬ್ಬರ ಕಾಲನ್ನೊಬ್ಬರು ತುಳಿಯುವಷ್ಟು ಇರುತ್ತಾರೆ. ಶಾಲೆಗೆ ರಜೆ ಬಂದು ಮಕ್ಕಳ ಮಧ್ಯಾಹ್ನದ ಊಟ ನಿಂತಾಗ ಸಾಲು ಬೆಳೆಯುತ್ತದೆ, ಆದರೆ ಆಗಲೇ ಅರ್ಧ ಜನ ಪ್ರವಾಸದಲ್ಲಿರುತ್ತಾರೆ. ಆದ್ದರಿಂದ ತಿಂಗಳಿಗೆ ಎರಡೇ ಶನಿವಾರ ಒಪ್ಪಿಕೊಳ್ಳಿ, ರಜೆಯಲ್ಲೂ ಅದನ್ನು ತಪ್ಪಿಸಬೇಡಿ. ಮೊದಲ ದಿನ ಬೆರಳು ಮುಚ್ಚುವ ಗಟ್ಟಿ ಷೂ ಹಾಕಿಕೊಂಡು ಹೋಗಿ. ಡಬ್ಬಿ ತುಂಬಿದ ಪೆಟ್ಟಿಗೆಗಳು ನೋಡುವುದಕ್ಕಿಂತ ಭಾರ.